ಕೈಗೆಲಸದ ವಿಚಾರ: ಮನೆಗೆ ತರುವ ಮೊದಲನೆಯ ವೆಲ್ಡಿಂಗ್ ಯಂತ್ರ

ಮನೆಯಲ್ಲಿರುವ ಕಬ್ಬಿಣದ ಸಾಮಾನು ಎಷ್ಟೆಂದು ಗೃಹಸ್ಥರು ಒಂದು ದಿನ ಲೆಕ್ಕ ಹಾಕಿ ನೋಡಿದರೆ ಅವರಿಗೇ ಆಶ್ಚರ್ಯವಾದೀತು. ಗೇಟಿನ ಕೀಲು, ಕಿಟಕಿಯ ಸರಳು, ಹೂಕುಂಡದ ಸ್ಟ್ಯಾಂಡು, ಜಗಲಿಯ ಬೆಂಚು, ಹಿತ್ತಿಲಲ್ಲಿ ಬಟ್ಟೆ ಹರವುವ ಕಂಬ, ಹುಡುಗರ ಸೈಕಲ್ಲಿನ ಕ್ಯಾರಿಯರು—ಇವುಗಳಲ್ಲಿ ವರ್ಷಕ್ಕೊಂದಾದರೂ ಮುರಿಯದೆ ಬಿಡುವುದಿಲ್ಲ. ಮುರಿದುದನ್ನು ಆಟೋರಿಕ್ಷಾದಲ್ಲಿ ಹೇರಿಕೊಂಡು ಗ್ರಿಲ್ ಅಂಗಡಿಗೆ ಹೋಗಿ, “ನಾಳೆ ಬನ್ನಿ ಸ್ವಾಮಿ” ಎಂಬ ಮಾತನ್ನು ಕೇಳಿ ಹಿಂತಿರುಗುವುದು ಎಲ್ಲರಿಗೂ ಅನುಭವವಾದ ವಿಷಯವೇ. ಆದುದರಿಂದ ಕೈಗೆಲಸದಲ್ಲಿ ಆಸಕ್ತಿಯುಳ್ಳ ವಾಚಕರು, “ಮನೆಯಲ್ಲಿಯೇ ಇಟ್ಟುಕೊಳ್ಳಲು ಸಣ್ಣದೊಂದು ವೆಲ್ಡಿಂಗ್ ಯಂತ್ರವನ್ನು ಕೊಳ್ಳಬಹುದೆ? ಕೊಳ್ಳುವುದಾದರೆ ಯಾವುದು? ಹೆಚ್ಚು ಹಣವನ್ನು ಹಾಕಲಾರೆವು” ಎಂದು ಕೇಳುವುದು ಸಹಜವಾಗಿದೆ. ಈ ತಿಂಗಳ ಲೇಖನವನ್ನು ಆ ವಿಚಾರಕ್ಕೇ ಮೀಸಲಾಗಿರಿಸಿದ್ದೇವೆ.

ನಮ್ಮ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ವೆಲ್ಡಿಂಗ್ ಯಂತ್ರವನ್ನು ಅಂಗಡಿಗೆ ಹೋಗುವ ಮುಂಚೆ ಮನೆಯಲ್ಲಿಯೇ ಆರಿಸತಕ್ಕದ್ದು. ಗೋಡೆಯ ಪ್ಲಗ್ಗು ಎಷ್ಟು ವಿದ್ಯುತ್ತನ್ನು ಕೊಡಬಲ್ಲದು, ಕೂಡಿಸಬೇಕಾದ ಕಬ್ಬಿಣವು ಎಷ್ಟು ದಪ್ಪ, ಕೆಲಸ ನಡೆಯುವ ಸ್ಥಳದ ಸುತ್ತ ಯಾರು ಯಾರು ಓಡಾಡುವರು—ಈ ಮೂರನ್ನು ತಿಳಿದುಕೊಂಡವರಿಗೆ ಯಂತ್ರದ ಆಯ್ಕೆ ಕಷ್ಟವಲ್ಲ. ಇವನ್ನು ತಿಳಿಯದೆ ಪೆಟ್ಟಿಗೆಯ ಮೇಲಿನ ದೊಡ್ಡ ಅಂಕಿಗೆ ಮರುಳಾದವರು ಹಣವನ್ನೂ ಕಳೆದುಕೊಳ್ಳುವರು, ಕೆಲವು ವೇಳೆ ಕಣ್ಣಿಗೂ ಅಪಾಯ ತಂದುಕೊಳ್ಳುವರು.

ಬೆಸುಗೆಯೆಂಬ ಮಾತು ನಮ್ಮಲ್ಲಿ ಹಳೆಯದು. ಆದರೆ ಪಾತ್ರೆಯ ತೂತಿಗೆ ತವರ ಸೀಸಗಳನ್ನು ಕರಗಿಸಿ ಹಾಕುವ ಬೆಸುಗೆಗೂ ವೆಲ್ಡಿಂಗಿಗೂ ಭೇದವಿದೆ. ಮೊದಲನೆಯದರಲ್ಲಿ ಪಾತ್ರೆಯ ಲೋಹವು ಕರಗುವುದಿಲ್ಲ. ನಡುವೆ ಹಾಕಿದ ಲೋಹ ಮಾತ್ರ ಕರಗಿ ಅಂಟಿನಂತೆ ಹಿಡಿಯುವುದು. ವೆಲ್ಡಿಂಗಿನಲ್ಲಾದರೋ ಎರಡು ಕಬ್ಬಿಣದ ತುಂಡುಗಳ ಅಂಚುಗಳೇ ಕರಗಿ, ಕೂಡಿ, ತಣಿದು, ಒಂದೇ ತುಂಡಾಗುವುವು. ಕಬ್ಬಿಣವು ಕರಗಲು ಸುಮಾರು 1,500 ಡಿಗ್ರಿ ಸೆಂಟಿಗ್ರೇಡ್ ಶಾಖ ಬೇಕು. ಅಷ್ಟು ಶಾಖವನ್ನು ರಾಡಿನ ತುದಿಗೂ ಕಬ್ಬಿಣಕ್ಕೂ ನಡುವೆ ಉರಿಯುವ ವಿದ್ಯುತ್ತಿನ ಜ್ವಾಲೆಯಿಂದ ಪಡೆಯುವುದೇ ಆರ್ಕ್ ವೆಲ್ಡಿಂಗು.

ಈ ಕಲೆ 19ನೆಯ ಶತಮಾನದ ಕೊನೆಯದು. ರಷ್ಯಾದ ಬೆನಾರ್ಡೋಸ್ ಎಂಬವನು 1880ರ ದಶಕದಲ್ಲಿ ಇಂಗಾಲದ ಕಡ್ಡಿಯಿಂದ ಆರ್ಕನ್ನು ಹೊತ್ತಿಸಿ ಲೋಹಗಳನ್ನು ಕೂಡಿಸಿದನು. ಅದೇ ದೇಶದ ಸ್ಲಾವ್ಯಾನೋವ್ ಎಂಬವನು 1888ರಲ್ಲಿ ಇಂಗಾಲಕ್ಕೆ ಬದಲಾಗಿ ಲೋಹದ ಕಡ್ಡಿಯನ್ನೇ ಉಪಯೋಗಿಸಿದನು. ಬರಿಯ ಕಡ್ಡಿಯಿಂದಾದ ಬೆಸುಗೆಯು ಗಾಳಿ ತಗುಲಿ ಪೆಡಸಾಗುತ್ತಿದ್ದುದರಿಂದ ಸ್ವೀಡನ್ನಿನ ಆಸ್ಕರ್ ಶೆಲ್‌ಬೆರ್ಗ್ ಎಂಬವನು 20ನೆಯ ಶತಮಾನದ ಮೊದಲ ದಶಕದಲ್ಲಿ ಕಡ್ಡಿಗೆ ಲೇಪವನ್ನು ಹಚ್ಚುವ ಕ್ರಮವನ್ನು ತಂದನು. ಇಂದು ಅಂಗಡಿಯಲ್ಲಿ ಕೊಳ್ಳುವ ವೆಲ್ಡಿಂಗ್ ರಾಡಿನ ಮೇಲಿರುವ ಬೂದು ಲೇಪವು ಇದರ ಸಂತತಿಯೇ. ಅದು ಉರಿದು ಅನಿಲವಾಗಿ ಕರಗಿದ ಕಬ್ಬಿಣಕ್ಕೆ ಗಾಳಿ ಸೋಕದಂತೆ ಕಾಯುವುದು; ಆಮೇಲೆ ಕಿಟ್ಟವಾಗಿ ಮೇಲೆ ಹೆಪ್ಪುಗಟ್ಟಿ ಬೆಸುಗೆಯನ್ನು ಮೆಲ್ಲಗೆ ತಣಿಯಗೊಡುವುದು. ಕೆಲಸಗಾರರು ಸ್ಲ್ಯಾಗು ಎಂದು ಕರೆದು ಸುತ್ತಿಗೆಯಿಂದ ತಟ್ಟಿ ತೆಗೆಯುವುದು ಈ ಕಿಟ್ಟವನ್ನೇ.

ಯಂತ್ರ ಬೇಕೆ ಎಂಬುದೇ ಮೊದಲ ಪ್ರಶ್ನೆ

ಕೂಸು ಹುಟ್ಟುವ ಮೊದಲು ಕುಲಾವಿ ಹೊಲಿಸಬಾರದು. ಕೊಳ್ಳಬೇಕೆಂದಿರುವವರು ಒಂದು ಕಾಗದದಲ್ಲಿ ಬರುವ ವರ್ಷದಲ್ಲಿ ಮಾಡಬೇಕಾದ ಕೆಲಸಗಳನ್ನು ಬರೆಯಲಿ. ಪಟ್ಟಿಯಲ್ಲಿ ಒಂದು ಗೇಟಿನ ದುರಸ್ತಿ ಮಾತ್ರ ಇದ್ದರೆ ಅದನ್ನು ಗ್ರಿಲ್ ಅಂಗಡಿಯವನಿಗೆ ಕೊಡುವುದೇ ಲಾಭ. ಅವನು ಅರ್ಧ ಗಂಟೆಯಲ್ಲಿ ಗಟ್ಟಿಯಾಗಿ ಮಾಡುವುದನ್ನು ಹೊಸಬನು ಎರಡು ಭಾನುವಾರ ಕಷ್ಟಪಟ್ಟು ಸಡಿಲವಾಗಿ ಮಾಡುವನು. ಪಟ್ಟಿಯು ಏಳೆಂಟು ಕೆಲಸಗಳಷ್ಟು ಉದ್ದವಾಗಿದ್ದರೆ, ಅಥವಾ ಕೆಲಸಕ್ಕಿಂತ ಕಲಿಯುವ ಸಂತೋಷವೇ ಉದ್ದೇಶವಾಗಿದ್ದರೆ, ಆಗ ಯಂತ್ರವನ್ನು ಕೊಳ್ಳುವುದು ನ್ಯಾಯ.

ಪಟ್ಟಿಯ ಪ್ರತಿಯೊಂದು ಕೆಲಸದ ಮುಂದೆ ಕಬ್ಬಿಣದ ದಪ್ಪವನ್ನೂ ಬರೆದುಕೊಳ್ಳತಕ್ಕದ್ದು. ನಮ್ಮ ಕಬ್ಬಿಣದ ಅಂಗಡಿಗಳಲ್ಲಿ ಪೈಪು ತಗಡುಗಳನ್ನು ಗೇಜಿನಲ್ಲಿ ಹೇಳುವುದು ವಾಡಿಕೆ. 18 ಗೇಜು ಎಂದರೆ ಸುಮಾರು 1.2 ಮಿಲಿಮೀಟರು, 16 ಗೇಜು ಸುಮಾರು 1.6, 14 ಗೇಜು ಸುಮಾರು 2. ಗೇಜಿನ ಅಂಕಿ ಏರಿದಂತೆ ತಗಡು ತೆಳುವಾಗುವುದನ್ನು ಮರೆಯಬಾರದು. ಆಂಗಲ್ ಮತ್ತು ಫ್ಲಾಟುಗಳು ಸಾಮಾನ್ಯವಾಗಿ 3 ಮಿಲಿಮೀಟರಿನಿಂದ ಮೇಲೆ ದೊರೆಯುವುವು. ಮನೆಯ ಕೆಲಸದಲ್ಲಿ 5 ಮಿಲಿಮೀಟರಿಗಿಂತ ದಪ್ಪವಾದ ಕಬ್ಬಿಣವನ್ನು ಕೂಡಿಸುವ ಪ್ರಸಂಗ ಅಪರೂಪ. ಈ ಒಂದು ಸಂಗತಿಯೇ ಬಹಳ ಹಣವನ್ನು ಉಳಿಸುವುದು.

ಯಂತ್ರಗಳ ಜಾತಿಗಳು

ಬಹುಕಾಲದಿಂದ ನಮ್ಮ ಊರುಗಳಲ್ಲಿ ಬಳಕೆಯಲ್ಲಿರುವುದು ಟ್ರಾನ್ಸ್‌ಫಾರ್ಮರ್ ಯಂತ್ರ. ಗಾಲಿಗಳ ಮೇಲೆ ಎಳೆದಾಡುವ ಭಾರವಾದ ಪೆಟ್ಟಿಗೆ. ಕೆಲವದರಲ್ಲಿ ತಣಿಸಲು ಎಣ್ಣೆಯನ್ನೂ ತುಂಬಿರುವರು. ಬಿಸಿಲು, ಧೂಳು, ಒರಟುತನ ಎಲ್ಲವನ್ನೂ ಸಹಿಸಿಕೊಂಡು ದಶಕಗಟ್ಟಲೆ ದುಡಿಯುವ ಗುಣ ಅದಕ್ಕಿದೆ. ಆದರೆ ದೊಡ್ಡವುಗಳಿಗೆ ಎರಡು ಫೇಸಿನ ವಿದ್ಯುತ್ತು ಬೇಕು. ಎತ್ತಿಡಲು ಇಬ್ಬರು ಬೇಕು. ಹಳೆಯದು ಅಗ್ಗವಾಗಿ ಸಿಕ್ಕಿತೆಂದು ಮನೆಗೆ ತಂದರೆ ಇಡಲು ಸ್ಥಳವೂ ಹಚ್ಚಲು ಪ್ಲಗ್ಗೂ ಇಲ್ಲದೆ ಮೂಲೆ ಸೇರುವ ಸಂಭವವೇ ಹೆಚ್ಚು.

ಎರಡನೆಯದು ಇನ್ವರ್ಟರ್ ಯಂತ್ರ. ಮನೆಯ ವಿದ್ಯುತ್ತು ಸೆಕೆಂಡಿಗೆ 50 ಸಲ ಆವರ್ತಿಸುವುದಷ್ಟೆ. ಇನ್ವರ್ಟರಿನೊಳಗಿನ ಎಲೆಕ್ಟ್ರಾನಿಕ್ ಸ್ವಿಚ್ಚುಗಳು ಅದನ್ನು ಸೆಕೆಂಡಿಗೆ ಹಲವು ಸಾವಿರ ಸಲ ಆವರ್ತಿಸುವಂತೆ ಮಾರ್ಪಡಿಸುವುವು. ಆವರ್ತನೆ ಹೆಚ್ಚಿದಷ್ಟೂ ಟ್ರಾನ್ಸ್‌ಫಾರ್ಮರು ಚಿಕ್ಕದಾದರೆ ಸಾಕಾಗುವುದು. ಆದುದರಿಂದಲೇ ಒಂದು ಕೈಯಲ್ಲಿ ಎತ್ತುವಷ್ಟು ಹಗುರವಾದ ಪೆಟ್ಟಿಗೆಯಿಂದ ಅದೇ ಕೆಲಸವನ್ನು ಪಡೆಯಬಹುದಾಗಿದೆ. ಅದು ಒಂದೇ ಫೇಸಿನಲ್ಲಿ ನಡೆಯುವುದು. ನೇರ ವಿದ್ಯುತ್ತನ್ನು ಕೊಡುವುದರಿಂದ ಜ್ವಾಲೆ ಸ್ಥಿರವಾಗಿ ನಿಲ್ಲುವುದು. ಹೊಸಬನ ಕೈಗೂ ಬೇಗ ಒಗ್ಗುವುದು. ಇದರ ದೋಷವೆಂದರೆ ಧೂಳು ತೇವಗಳನ್ನು ತಾಳದಿರುವುದು ಮತ್ತು ಕೆಟ್ಟರೆ ಊರಿನ ಸಾಮಾನ್ಯ ರಿಪೇರಿಯವನಿಂದ ಸರಿಯಾಗದಿರುವುದು.

ಮೂರನೆಯದು ತಂತಿಯನ್ನು ತಾನೇ ನೂಕುವ ಮಿಗ್ ಯಂತ್ರ. ತೆಳು ತಗಡಿಗೆ ಇದು ಬಹಳ ಅನುಕೂಲ, ಕಲಿಯುವುದೂ ಸುಲಭ. ಆದರೆ ಅನಿಲದ ಸಿಲಿಂಡರು, ರೆಗ್ಯುಲೇಟರು, ತಂತಿಯ ಸುರುಳಿ ಎಂದು ಖರ್ಚು ಬೆಳೆಯುತ್ತ ಹೋಗುವುದು. ಒಳಗೆ ಪುಡಿ ತುಂಬಿದ ತಂತಿಯನ್ನು ಉಪಯೋಗಿಸಿದರೆ ಅನಿಲದ ಅವಶ್ಯಕತೆಯಿಲ್ಲ. ಪಟ್ಟಿಯಲ್ಲಿರುವುದೆಲ್ಲ ತೆಳು ಪೈಪಿನ ಕೆಲಸವೇ ಆಗಿದ್ದು, ಕೈಯಲ್ಲಿ ಸ್ವಲ್ಪ ಹೆಚ್ಚು ಹಣವಿರುವವರು ಅಂತಹದನ್ನು ಆಲೋಚಿಸಬಹುದು. ನಾಲ್ಕನೆಯದಾದ ಟಿಗ್ ಯಂತ್ರವು ಅಂದವಾದ ಬೆಸುಗೆಗೆ ಹೆಸರಾದುದು. ಆದರೆ ಆರ್ಗಾನ್ ಅನಿಲದ ಖರ್ಚನ್ನೂ ಎರಡು ಕೈಗಳ ಬಹುಕಾಲದ ಸಾಧನೆಯನ್ನೂ ಕೇಳುವುದರಿಂದ ಮೊದಲ ಮೆಟ್ಟಿಲಾಗಲಾರದು. ಆಕ್ಸಿಜನ್ ಮತ್ತು ಅಸಿಟಿಲೀನ್ ಸಿಲಿಂಡರುಗಳ ಗ್ಯಾಸ್ ವೆಲ್ಡಿಂಗನ್ನು ಮಕ್ಕಳಿರುವ ಮನೆಯ ಆವರಣದೊಳಗೆ ತರಲೇಕೂಡದು.

ಆದುದರಿಂದ ಸಾಮಾನ್ಯ ಗೃಹಸ್ಥರಿಗೆ ನಾವು ಸೂಚಿಸುವುದು ಒಂದೇ ಫೇಸಿನ, ರಾಡಿನಿಂದ ಕೆಲಸ ಮಾಡುವ ಸಣ್ಣ ಇನ್ವರ್ಟರ್ ಯಂತ್ರವನ್ನೇ.

ಗೋಡೆಯ ಪ್ಲಗ್ಗಿನ ಲೆಕ್ಕ

ಇನ್ನು ಮುಖ್ಯವಾದ ವಿಚಾರಕ್ಕೆ ಬರೋಣ. ಅಂಗಡಿಯಲ್ಲಿ ಸಾಲಾಗಿ ಜೋಡಿಸಿರುವ ಪೆಟ್ಟಿಗೆಗಳ ಮೇಲೆ 200, 250 ಎಂದು ದಪ್ಪಕ್ಷರದಲ್ಲಿ ಬರೆದಿರುವರು. ಇದು ಯಂತ್ರವು ರಾಡಿಗೆ ಕೊಡಬಲ್ಲೆನೆಂದು ಹೇಳಿಕೊಳ್ಳುವ ಆಂಪಿಯರುಗಳ ಸಂಖ್ಯೆ. ಸಂಖ್ಯೆ ದೊಡ್ಡದಾದಷ್ಟೂ ಯಂತ್ರ ಒಳ್ಳೆಯದೆಂದು ಕೊಳ್ಳುವವರು ಭಾವಿಸುವರು. ಆದರೆ ಮನೆಯ ಪ್ಲಗ್ಗು ಅದಕ್ಕೆ ಒಪ್ಪಬೇಕಲ್ಲವೆ?

ನಮ್ಮ ಮನೆಗಳಲ್ಲಿ ಎರಡು ಬಗೆಯ ಪ್ಲಗ್ಗುಗಳಿವೆ: ಫ್ಯಾನು ದೀಪಗಳಿಗಾಗಿ 6 ಆಂಪಿಯರಿನದು, ಗೀಸರು ಇಸ್ತ್ರಿಪೆಟ್ಟಿಗೆಗಳಿಗಾಗಿ 16 ಆಂಪಿಯರಿನದು. ಮನೆಗೆ ಬರುವ ವಿದ್ಯುತ್ತಿನ ಒತ್ತಡ 230 ವೋಲ್ಟು. ಈಗ ರಾಡಿನ ಕಡೆಯ ಲೆಕ್ಕವನ್ನು ನೋಡೋಣ. ರಾಡಿನ ತುದಿಯಲ್ಲಿ 80 ಆಂಪಿಯರು ಹರಿಯುವಾಗ ಅಲ್ಲಿನ ಒತ್ತಡ ಸುಮಾರು 23 ವೋಲ್ಟು. ಎರಡನ್ನೂ ಗುಣಿಸಿದರೆ 1,850 ವಾಟಿನಷ್ಟಾಗುವುದು. ಯಂತ್ರದೊಳಗಿನ ನಷ್ಟವನ್ನೂ, ಅಗ್ಗದ ಇನ್ವರ್ಟರುಗಳು ವಿದ್ಯುತ್ತನ್ನು ಒಂದೇ ಸಮನಾಗಿ ಎಳೆದುಕೊಳ್ಳದೆ ತುಂಡುತುಂಡಾಗಿ ಎಳೆದುಕೊಳ್ಳುವುದನ್ನೂ ಸೇರಿಸಿದರೆ ಗೋಡೆಯಿಂದ ಸುಮಾರು 12ರಿಂದ 15 ಆಂಪಿಯರು ಹೋಗುವುದು. 16 ಆಂಪಿಯರಿನ ಪ್ಲಗ್ಗಿಗೆ ಇದು ಅಂಚಿನ ಕೆಲಸ. 120 ಆಂಪಿಯರಿಗೆ ಏರಿಸಿದರೆ ಗೋಡೆಯಿಂದ 20 ಆಂಪಿಯರಿಗೆ ಮೀರಿ ಹೋಗುವುದು. ಪೆಟ್ಟಿಗೆಯ ಮೇಲೆ ಬರೆದ 200 ಆಂಪಿಯರನ್ನು ನಿಜವಾಗಿ ಪಡೆಯಬೇಕಾದರೆ 28 ವೋಲ್ಟಿನಲ್ಲಿ 5,600 ವಾಟು. ಗೋಡೆಯಿಂದ 35ರಿಂದ 40 ಆಂಪಿಯರು. ಅಷ್ಟನ್ನು ಕೊಡುವ ಪ್ಲಗ್ಗು ಸಾಮಾನ್ಯ ಮನೆಯಲ್ಲಿ ಎಲ್ಲಿದೆ? ಎಂ.ಸಿ.ಬಿ. ಬಿದ್ದುಹೋಗಿ ಮನೆಯೆಲ್ಲ ಕತ್ತಲಾಗುವುದು, ಎಂ.ಸಿ.ಬಿ. ಸರಿಯಿಲ್ಲದಿದ್ದರೆ ಗೋಡೆಯೊಳಗಿನ ತಂತಿಯೇ ಕಾದು ಸುಡುವುದು. ಎರಡನೆಯದು ಮೊದಲನೆಯದಕ್ಕಿಂತ ನೂರು ಪಾಲು ಘೋರ.

ಹಾಸಿಗೆಯಿದ್ದಷ್ಟು ಕಾಲು ಚಾಚಬೇಕೆಂಬ ಗಾದೆ ಇಲ್ಲಿ ಅಕ್ಷರಶಃ ಸಲ್ಲುವುದು. ಯಂತ್ರವನ್ನು ಕೊಳ್ಳುವ ಮುಂಚೆ ವಿದ್ಯುತ್ ಬಿಲ್ಲನ್ನು ತೆಗೆದು ಮನೆಗೆ ಮಂಜೂರಾಗಿರುವ ಲೋಡು ಎಷ್ಟು ಕಿಲೋವಾಟೆಂದು ನೋಡತಕ್ಕದ್ದು. ಲೈಸೆನ್ಸುಳ್ಳ ಎಲೆಕ್ಟ್ರಿಷಿಯನ್ ಒಬ್ಬನನ್ನು ಕರೆದು, ಕೆಲಸದ ಸ್ಥಳಕ್ಕೆ ಮುಖ್ಯ ಬೋರ್ಡಿನಿಂದಲೇ ಬೇರೆಯಾದ ತಂತಿ, ಅದಕ್ಕೆ ಸರಿಯಾದ ಎಂ.ಸಿ.ಬಿ., ಗಟ್ಟಿಯಾದ ಅರ್ತಿಂಗು—ಇವುಗಳನ್ನು ಹಾಕಿಸಿಕೊಳ್ಳಬೇಕು. ಟೇಬಲ್ ಫ್ಯಾನಿನ ಎಕ್ಸ್‌ಟೆನ್ಷನ್ ಬೋರ್ಡಿಗೆ ಈ ಯಂತ್ರವನ್ನು ಎಂದಿಗೂ ಹಚ್ಚಕೂಡದು. ಎಕ್ಸ್‌ಟೆನ್ಷನ್ ಅನಿವಾರ್ಯವಾದರೆ 2.5 ಚದರ ಮಿಲಿಮೀಟರಿಗೆ ಕಡಮೆಯಿಲ್ಲದ ತಾಮ್ರದ ತಂತಿಯಿರಲಿ. ದೂರ ಹೆಚ್ಚಾದರೆ 4 ಚದರ ಮಿಲಿಮೀಟರಿರಲಿ. ಸುರುಳಿಯನ್ನು ಪೂರ್ತಿ ಬಿಚ್ಚಿ ಹರಡಿರಲಿ. ಸುತ್ತಿಟ್ಟ ತಂತಿಯ ಶಾಖ ಹೊರಹೋಗಲಾರದೆ ಒಳಗೇ ಕುದಿಯುವುದು.

ಯಂತ್ರದ ಮೇಲಿನ ಬರಹವನ್ನು ಓದುವ ಕ್ರಮ

ಒಳ್ಳೆಯ ಯಂತ್ರದ ಹಿಂಬದಿಯಲ್ಲೋ ಮಗ್ಗುಲಲ್ಲೋ ಒಂದು ವಿವರಫಲಕವಿರುವುದು. ಅದರಲ್ಲಿ ಡ್ಯೂಟಿ ಸೈಕಲ್ ಎಂಬುದನ್ನು ಮೊದಲು ಹುಡುಕಬೇಕು. ಹತ್ತು ನಿಮಿಷಗಳಲ್ಲಿ ಎಷ್ಟು ನಿಮಿಷ ಎಡೆಬಿಡದೆ ಉರಿಸಬಹುದು ಎಂಬುದರ ಅಳತೆ ಅದು. 100 ಆಂಪಿಯರಿಗೆ 60 ಶೇಕಡಾ ಎಂದಿದ್ದರೆ ಆರು ನಿಮಿಷ ಕೆಲಸ, ನಾಲ್ಕು ನಿಮಿಷ ವಿಶ್ರಾಂತಿ. ಅಂತರರಾಷ್ಟ್ರೀಯ ನಿಯಮದಂತೆ ಈ ಅಳತೆಯನ್ನು 40 ಡಿಗ್ರಿ ಉಷ್ಣತೆಯಲ್ಲಿ ತೆಗೆಯತಕ್ಕದ್ದು. ರಾಯಚೂರು ಕಲಬುರಗಿಗಳ ಬೇಸಿಗೆಯಲ್ಲಿ ಕೆಲಸ ಮಾಡುವವರು ಇದನ್ನು ವಿಶೇಷವಾಗಿ ಗಮನಿಸಬೇಕು. 60 ಶೇಕಡಾದಲ್ಲಿ 80ರಿಂದ 100 ಆಂಪಿಯರು ಕೊಡುವ ಯಂತ್ರವು ಮನೆಗೆ ಧಾರಾಳವಾಗಿ ಸಾಕು. ಅದಕ್ಕಿಂತ ದೊಡ್ಡದನ್ನು ಕೊಂಡವರು ಕಡಮೆ ಆಂಪಿಯರಿನಲ್ಲಿ ನಡೆಸಿದರೆ ಅದು ತಂಪಾಗಿ ದುಡಿಯುವುದೇನೋ ನಿಜ. ಆದರೆ ಆ ದೊಡ್ಡ ಅಂಕಿಗಾಗಿಯೇ ಹೆಚ್ಚು ಹಣ ತೆರುವುದು ವ್ಯರ್ಥ. ಡ್ಯೂಟಿ ಸೈಕಲನ್ನು ಎಲ್ಲಿಯೂ ಬರೆಯದ ಯಂತ್ರವನ್ನು ಅಲ್ಲಿಯೇ ಬಿಟ್ಟುಬರುವುದು ಲೇಸು.

ಎರಡನೆಯದಾಗಿ, ಎಷ್ಟು ವೋಲ್ಟಿನಿಂದ ಎಷ್ಟು ವೋಲ್ಟಿನವರೆಗೆ ಯಂತ್ರವು ನಡೆಯುವುದೆಂಬುದನ್ನು ನೋಡಬೇಕು. ಹಳ್ಳಿಗಳಲ್ಲಿ ಸಂಜೆಯ ಹೊತ್ತು ವೋಲ್ಟೇಜು ಇಳಿಯುವುದನ್ನು ಎಲ್ಲರೂ ಬಲ್ಲರು. ಮೂರನೆಯದಾಗಿ, ಯಂತ್ರದೊಡನೆ ಕೊಡುವ ಹೋಲ್ಡರು ಮತ್ತು ಅರ್ತ್ ಕ್ಲ್ಯಾಂಪುಗಳ ತಂತಿಯನ್ನು ಕೈಯಲ್ಲಿ ಹಿಡಿದು ನೋಡಬೇಕು. ಅಗ್ಗದ ಯಂತ್ರಗಳೊಡನೆ ಬರುವ ತಂತಿ ಗಿಡ್ಡವಾಗಿಯೂ ಕ್ಲ್ಯಾಂಪು ತಗಡಿನಂತೆಯೂ ಇರುವುದುಂಟು. ನಾಲ್ಕನೆಯದಾಗಿ, ಕೆಟ್ಟರೆ ರಿಪೇರಿ ಎಲ್ಲಿ ಎಂದು ಕೇಳಬೇಕು. ಬೆಂಗಳೂರಿನವರು ಎಸ್.ಜೆ.ಪಿ. ರಸ್ತೆಯ ಯಂತ್ರದ ಅಂಗಡಿಗಳಲ್ಲಿ ನಾಲ್ಕಾರನ್ನು ನೋಡಿ ಕೊಳ್ಳಬಹುದು. ಬೇರೆ ಊರಿನವರು ತಮ್ಮ ಜಿಲ್ಲಾ ಕೇಂದ್ರದಲ್ಲಿ ರಿಪೇರಿ ದೊರೆಯುವ ಯಂತ್ರವನ್ನೇ ಆರಿಸಿಕೊಳ್ಳುವುದು ಜಾಣತನ.

ಹಣದ ಹಂಚಿಕೆ

ಯಂತ್ರಕ್ಕೇ ಎಲ್ಲ ಹಣವನ್ನೂ ಸುರಿದು, ಮುಖವಾಡಕ್ಕೆ ಕಾಸಿಲ್ಲವೆನ್ನುವುದು ಆನೆಯನ್ನು ಕೊಂಡು ಅಂಕುಶಕ್ಕೆ ಹಣವಿಲ್ಲವೆಂದಂತೆ. ಗೃಹಸ್ಥರೊಬ್ಬರು ಹತ್ತು ಸಾವಿರ ರೂಪಾಯಿಗಳನ್ನು ತೆಗೆದಿರಿಸಿರುವರೆಂದು ಇಟ್ಟುಕೊಳ್ಳೋಣ. ಅದನ್ನು ಹತ್ತು ಪಾಲು ಮಾಡಿ, ಆರು ಪಾಲನ್ನು ಮಾತ್ರ ಯಂತ್ರಕ್ಕೆ ಕೊಡಬೇಕು. ಒಂದೂವರೆ ಪಾಲು ಮುಖವಾಡ, ಚರ್ಮದ ಕೈಗವಸು, ಚರ್ಮದ ಏಪ್ರನ್ನುಗಳಿಗೆ. ಒಂದು ಪಾಲು ಪ್ಲಗ್ಗು ಎಂ.ಸಿ.ಬಿ.ಗಳನ್ನು ಸರಿಪಡಿಸುವುದಕ್ಕೆ, ಒಂದು ಪಾಲು ರಾಡುಗಳಿಗೆ ಮತ್ತು ಅಭ್ಯಾಸಕ್ಕೆ ಬೇಕಾದ ಗುಜರಿ ಕಬ್ಬಿಣಕ್ಕೆ, ಉಳಿದ ಅರ್ಧ ಪಾಲು ಕಿಟ್ಟ ತೆಗೆಯುವ ಸುತ್ತಿಗೆ, ತಂತಿಯ ಬ್ರಷ್ಷು, ಒಂದೆರಡು ಹಿಡಿಕೆಗಳಿಗೆ. ಗ್ರೈಂಡರು ಮನೆಯಲ್ಲಿಲ್ಲದಿದ್ದರೆ ಅದಕ್ಕೆ ಬೇರೆ ಹಣ ತೆಗೆದಿಡಬೇಕು. ಎರವಲು ತಂದರೂ ಅದರ ಚಕ್ರದ ಕವಚವನ್ನು ಬಿಚ್ಚದೆ ಉಪಯೋಗಿಸತಕ್ಕದ್ದು. ಆರು ಪಾಲಿಗೆ ತಕ್ಕ ಯಂತ್ರ ದೊರೆಯದಿದ್ದರೆ ಎರಡು ತಿಂಗಳು ತಡೆದು ಕೊಳ್ಳಲಿ. ಮುಖವಾಡದ ಪಾಲನ್ನು ಮಾತ್ರ ಮುಟ್ಟದಿರಲಿ.

ರಾಡುಗಳಲ್ಲಿ 6013 ಎಂಬ ಸಂಖ್ಯೆಯದು ಹೊಸಬರಿಗೆ ಅನುಕೂಲ. ಜ್ವಾಲೆ ಸುಲಭವಾಗಿ ಹೊತ್ತುವುದು, ಕಿಟ್ಟ ಸುಲಭವಾಗಿ ಬಿಡುವುದು. 3 ಮಿಲಿಮೀಟರ್ ಕಬ್ಬಿಣಕ್ಕೆ 2.5 ಮಿಲಿಮೀಟರಿನ ರಾಡನ್ನು 60ರಿಂದ 90 ಆಂಪಿಯರಿನಲ್ಲಿಯೂ, 16 ಗೇಜಿನ ಪೈಪಿಗೆ 2 ಮಿಲಿಮೀಟರಿನ ರಾಡನ್ನು 40ರಿಂದ 60 ಆಂಪಿಯರಿನಲ್ಲಿಯೂ ನಡೆಸಬಹುದು. 18 ಗೇಜಿನ ತಗಡು ಹೊಸಬನ ಕೈಯಲ್ಲಿ ತೂತು ಬೀಳದೆ ಇರುವುದು ಅಪರೂಪ. ಹೆಚ್ಚು ಬಲವುಳ್ಳದೆಂದು ಕೆಲವರು 7018ರ ರಾಡನ್ನು ಹೊಗಳುವರು. ತೇವ ಹೀರಿದರೆ ಅದನ್ನು 300 ಡಿಗ್ರಿಗೆ ಮೀರಿದ ಒಲೆಯಲ್ಲಿ ಒಣಗಿಸಬೇಕಾಗುವುದರಿಂದ ಮನೆಗೆ ಅದು ಹೇಳಿದ್ದಲ್ಲ. 6013 ಅಷ್ಟು ನಾಜೂಕಿನದಲ್ಲವಾದರೂ ಮಲೆನಾಡು ಕರಾವಳಿಗಳ ಮಳೆಗಾಲದಲ್ಲಿ ಬಿಗಿ ಮುಚ್ಚಳದ ಡಬ್ಬಿಯಲ್ಲಿಯೇ ಇಡಬೇಕು.

ಕಣ್ಣು, ಉಸಿರು, ಬೆಂಕಿ

ಬೀದಿಯ ಪಕ್ಕದಲ್ಲಿ ಬರಿಗಣ್ಣಿನಿಂದಲೋ ಕಪ್ಪು ಕನ್ನಡಕದಿಂದಲೋ ವೆಲ್ಡಿಂಗ್ ಮಾಡುವವರನ್ನು ಕಂಡು, ಅಷ್ಟೇ ಸಾಕೆಂದು ತಿಳಿಯುವವರಿದ್ದಾರೆ. ಇದು ದೊಡ್ಡ ತಪ್ಪು ತಿಳಿವಳಿಕೆ. ಆರ್ಕಿನಿಂದ ಹೊರಡುವ ಅತಿನೇರಳೆ ಕಿರಣವು ಕಣ್ಣಿಗೆ ಕಾಣುವುದಿಲ್ಲ. ತಗುಲಿದ ಹೊತ್ತಿನಲ್ಲಿ ನೋವೂ ಆಗುವುದಿಲ್ಲ. ಹಲವು ಗಂಟೆಗಳಾದ ಮೇಲೆ, ಬಹುಶಃ ನಡುರಾತ್ರಿಯಲ್ಲಿ, ಕಣ್ಣಿನೊಳಗೆ ಮರಳು ತುಂಬಿದಂತೆ ಉರಿ ಹತ್ತಿ ನೀರು ಸುರಿಯುವುದು. ಆಗ ಆಲೂಗಡ್ಡೆಯ ಹೋಳು, ಹಾಲು ಮೊದಲಾದ ಮನೆಮದ್ದುಗಳನ್ನು ಕಣ್ಣಿಗೆ ಹಾಕದೆ ಕಣ್ಣಿನ ವೈದ್ಯರಲ್ಲಿಗೆ ಹೋಗತಕ್ಕದ್ದು. ಮನೆಯ ಕೆಲಸದ ಆಂಪಿಯರುಗಳಿಗೆ 10 ಅಥವಾ 11ನೆಯ ಶೇಡಿನ ಗಾಜು ಬೇಕು. ಜ್ವಾಲೆ ಹೊತ್ತಿದೊಡನೆ ತಾನೇ ಕಪ್ಪಾಗುವ ಮುಖವಾಡವು ಹೊಸಬರಿಗೆ ವರವೇ ಸರಿ. ರಾಡನ್ನು ಎಲ್ಲಿ ಮುಟ್ಟಿಸುತ್ತಿದ್ದೇವೆಂಬುದು ಮೊದಲೇ ಕಾಣುವುದರಿಂದ ಮುಖವಾಡವನ್ನು ಎತ್ತಿ ಇಣಿಕುವ ಚಪಲ ಹುಟ್ಟುವುದಿಲ್ಲ.

ಆದರೆ ಮುಖವಾಡ ಕಾಯುವುದು ಅದನ್ನು ಹಾಕಿಕೊಂಡವರ ಕಣ್ಣನ್ನು ಮಾತ್ರ. ಬಾಗಿಲಲ್ಲಿ ನಿಂತು ಬೆರಗಿನಿಂದ ನೋಡುವ ಮಗುವಿನ ಕಣ್ಣನ್ನೂ, ಪಕ್ಕದ ಮನೆಯ ಮಹಡಿಯಲ್ಲಿ ಬಟ್ಟೆ ಒಣಹಾಕುವವರ ಕಣ್ಣನ್ನೂ ಕಾಯುವ ಹೊಣೆ ಯಂತ್ರವನ್ನು ಕೊಂಡವರದೇ. ಕೆಲಸದ ಸ್ಥಳಕ್ಕೆ ಬೆಳಕು ತೂರದ, ಬೆಂಕಿ ಹತ್ತದ ಮರೆ ಇರಬೇಕು. ಮಕ್ಕಳನ್ನು ಒಳಗೆ ಕಳುಹಿಸಿ ಬಾಗಿಲು ಹಾಕಿದ ಮೇಲೆಯೇ ರಾಡನ್ನು ಹೊತ್ತಿಸಬೇಕು.

ಹೊಗೆಯೂ ಅಲಕ್ಷ್ಯಕ್ಕೆ ತಕ್ಕುದಲ್ಲ. ವಿಶ್ವ ಆರೋಗ್ಯ ಸಂಸ್ಥೆಗೆ ಸೇರಿದ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 2017ರಲ್ಲಿ ವೆಲ್ಡಿಂಗ್ ಹೊಗೆಯನ್ನು ಕ್ಯಾನ್ಸರ್ ತರುವ ವಸ್ತುಗಳ ಮೊದಲನೆಯ ವರ್ಗಕ್ಕೆ ಸೇರಿಸಿತು. ಆದುದರಿಂದ ಮುಚ್ಚಿದ ಕೋಣೆಯಲ್ಲಿ ಎಂದಿಗೂ ಕೂಡದು. ಬಯಲಿನಲ್ಲಿ ಗಾಳಿಯು ಹೊಗೆಯನ್ನು ಮುಖದಿಂದ ಆಚೆಗೆ ಒಯ್ಯುವಂತೆ ನಿಲ್ಲಬೇಕು. ಸತುವಿನ ಲೇಪವಿರುವ ಜಿ.ಐ. ಪೈಪನ್ನು ವೆಲ್ಡ್ ಮಾಡಿದವರಿಗೆ ಸಂಜೆ ಮಲೇರಿಯಾದಂತೆ ಚಳಿ ಜ್ವರ ಬರುವುದುಂಟು. ಹೊಸಬರು ಆ ಪೈಪನ್ನು ಕೈಬಿಟ್ಟು ಬರಿಯ ಎಂ.ಎಸ್. ಪೈಪನ್ನೇ ಕೊಳ್ಳುವುದು ಕ್ಷೇಮ. ಪೆಟ್ರೋಲು, ಎಣ್ಣೆ, ಬಣ್ಣಗಳಿದ್ದ ಡಬ್ಬಿ ಪೀಪಾಯಿಗಳಿಗೆ, ಖಾಲಿಯಾಗಿ ಕಂಡರೂ, ರಾಡನ್ನು ಮುಟ್ಟಿಸಕೂಡದು. ಒಳಗುಳಿದ ಆವಿ ಸಿಡಿದು ಪ್ರಾಣ ಹೋಗುವುದು.

ಕಿಡಿಗಳು ಮೂವತ್ತೈದು ಅಡಿಗಳವರೆಗೆ ಹಾರಬಹುದೆಂಬ ಲೆಕ್ಕದಲ್ಲಿ ಕಾರ್ಖಾನೆಗಳವರು ಎಚ್ಚರಿಕೆ ವಹಿಸುವರು. ಮನೆಯಲ್ಲಿ ಅಷ್ಟು ಬಯಲು ಸಿಗದಿದ್ದರೂ ಗ್ಯಾಸ್ ಸಿಲಿಂಡರು, ಸ್ಕೂಟರು, ತೆಂಗಿನ ಗರಿ, ಹಳೆಯ ಪೇಪರಿನ ಕಟ್ಟು—ಇವುಗಳನ್ನು ಮೊದಲು ದೂರ ಸಾಗಿಸಬೇಕು. ಎರಡು ಬಕೆಟು ಮರಳನ್ನು ಬಳಿಯಲ್ಲಿಡಬೇಕು. ಕೆಲಸ ಮುಗಿದ ಮೇಲೆ ಒಂದು ಗಂಟೆಯ ಹೊತ್ತು ಸ್ಥಳದ ಮೇಲೆ ಕಣ್ಣಿಟ್ಟಿರಬೇಕು. ಉಡುಪು ಹತ್ತಿಯದಾಗಿರಲಿ, ಕರಗಿ ಮೈಗಂಟುವ ನೈಲಾನು ಪಾಲಿಯೆಸ್ಟರುಗಳು ಬೇಡ, ಪಂಚೆ ಲುಂಗಿಗಳೂ ಬರಿಗಾಲೂ ಬೇಡ.

ರಾಡು ಉರಿಯದೆ ಸುಮ್ಮನಿರುವಾಗಲೂ ಹೋಲ್ಡರಿನಲ್ಲಿ 60ರಿಂದ 80 ವೋಲ್ಟಿನವರೆಗೆ ವಿದ್ಯುತ್ತು ಕಾದಿರುವುದು. ಗೋಡೆಯ ಕಡೆಯ ದೋಷಕ್ಕೆ ಆರ್.ಸಿ.ಸಿ.ಬಿ. ರಕ್ಷೆ ಕೊಡುವುದಾದರೂ ಹೋಲ್ಡರಿನ ಕಡೆಯ ಪೆಟ್ಟನ್ನು ಅದು ತಡೆಯಲಾರದು. ಒದ್ದೆ ನೆಲ, ಬೆವರಿದ ಕೈ, ತೊಯ್ದ ಕೈಗವಸುಗಳಿಂದ ದೂರವಿರುವುದೇ ಅದಕ್ಕೆ ರಕ್ಷೆ. ಹೃದಯಕ್ಕೆ ಪೇಸ್‌ಮೇಕರ್ ಹಾಕಿಸಿಕೊಂಡವರು ಮನೆಯಲ್ಲಿದ್ದರೆ ವೈದ್ಯರನ್ನು ಕೇಳದೆ ಯಂತ್ರವನ್ನು ಮನೆಗೆ ತರಬಾರದು.

ಕೆಲಸದ ಆರಂಭ

ಮೊದಲ ತಿಂಗಳು ಯಾವ ಸಾಮಾನನ್ನೂ ಮಾಡಹೊರಡದೆ, 3 ಮಿಲಿಮೀಟರಿನ ಫ್ಲಾಟಿನ ತುಂಡುಗಳ ಮೇಲೆ ಸಾಲು ಸಾಲಾಗಿ ಗೆರೆ ಎಳೆಯುವುದನ್ನೇ ಅಭ್ಯಾಸ ಮಾಡಲಿ. ಬಳಿಕ ಎರಡು ತುಂಡುಗಳನ್ನು ಕೂಡಿಸಿ, ಬೈಸಿನಲ್ಲಿ ಬಿಗಿದು, ಸುತ್ತಿಗೆಯಿಂದ ಬಡಿದು ಮುರಿದು ನೋಡಲಿ. ಮುರಿದ ಅಂಚಿನಲ್ಲಿ ರಂಧ್ರಗಳೋ ಕಿಟ್ಟದ ಗೆರೆಯೋ ಕಂಡರೆ ಮೇಲ್ನೋಟದ ಅಂದಕ್ಕೆ ಬೆಲೆಯಿಲ್ಲವೆಂದು ತಿಳಿಯುವುದು. ಪರಿಚಯದ ಕೆಲಸಗಾರನೊಬ್ಬನಿಗೆ ಒಂದು ದಿನದ ಕೂಲಿಯನ್ನು ಮರ್ಯಾದೆಯಿಂದ ಕೊಟ್ಟು, ಪಕ್ಕದಲ್ಲಿ ಕುಳಿತು ಕೈ ತಿದ್ದಿಸಿಕೊಂಡರೆ ಹತ್ತು ಭಾನುವಾರಗಳ ಶ್ರಮ ಉಳಿಯುವುದು. ಐ.ಟಿ.ಐ.ಗಳಲ್ಲಿ ಈ ವಿದ್ಯೆಯನ್ನು ಒಂದು ವರ್ಷ ಕಲಿಸುವರೆಂಬುದನ್ನು ನೆನೆದರೆ ಗೃಹಸ್ಥರು ತಮ್ಮ ನಿಧಾನಕ್ಕೆ ನಾಚಬೇಕಾದುದಿಲ್ಲ.

ಹೂಕುಂಡದ ಸ್ಟ್ಯಾಂಡು, ಚಪ್ಪಲಿಯ ರ‍್ಯಾಕು, ಕೆಲಸದ ಮೇಜು—ಇವು ಮೊದಲ ವರ್ಷಕ್ಕೆ ತಕ್ಕ ಕೆಲಸಗಳು. ಬೆಸುಗೆ ಬಿಟ್ಟರೂ ಒಂದು ಕುಂಡ ಒಡೆಯಬಹುದು, ಅಷ್ಟೆ. ಮಕ್ಕಳ ಉಯ್ಯಾಲೆಯ ಕೊಂಡಿ, ಮಹಡಿಯ ಕಟಕಟೆ, ಏಣಿ, ನೀರಿನ ಟ್ಯಾಂಕನ್ನು ಹೊರುವ ಕಂಬ, ವಾಹನದ ಚಾಸಿ—ಮನುಷ್ಯರ ಜೀವವು ನೇತಾಡುವ ಇಂತಹವುಗಳನ್ನು ನುರಿತವರಿಗೇ ಬಿಡತಕ್ಕದ್ದು.

ಯಂತ್ರದ ಆರೈಕೆಯೂ ಬೇಕು. ಅದರ ಫ್ಯಾನು ಗಾಳಿಯನ್ನು ಒಳಗೆ ಎಳೆಯುವುದರಿಂದ ಗ್ರೈಂಡರಿನ ಕಬ್ಬಿಣದ ಪುಡಿ ಹಾರುವ ಕಡೆ ಯಂತ್ರವನ್ನಿಡಬಾರದು. ಆ ಪುಡಿ ಒಳಗಿನ ಬೋರ್ಡಿನ ಮೇಲೆ ಕುಳಿತರೆ ಯಂತ್ರ ಸುಟ್ಟುಹೋಗುವುದು. ಕೆಲಸವಾದ ಮೇಲೆ ತಣಿಯುವವರೆಗೆ ಫ್ಯಾನನ್ನು ಓಡಲು ಬಿಟ್ಟು, ಪ್ಲಗ್ಗನ್ನು ಕಿತ್ತು, ಬಟ್ಟೆ ಹೊದಿಸಿ ಒಣ ಸ್ಥಳದಲ್ಲಿಡಬೇಕು.

ಕೊನೆಗೆ ನಾವು ವಾಚಕರಲ್ಲಿ ಕೇಳಿಕೊಳ್ಳುವುದಿಷ್ಟೆ. ಅಂಗಡಿಗೆ ಹೊರಡುವ ದಿನ ಜೇಬಿನಲ್ಲಿ ಹಣದೊಡನೆ ಒಂದು ಚೀಟಿಯೂ ಇರಲಿ. ಅದರಲ್ಲಿ ಮಾಡಬೇಕಾದ ಕೆಲಸಗಳು, ಕಬ್ಬಿಣದ ದಪ್ಪ, ಪ್ಲಗ್ಗಿನ ಆಂಪಿಯರು, ಬಿಲ್ಲಿನಲ್ಲಿರುವ ಲೋಡು, ಹತ್ತು ಪಾಲಿನ ಹಂಚಿಕೆ ಇವೆಲ್ಲ ಬರೆದಿರಲಿ. ಮಾರುವವನು 250ರ ಯಂತ್ರವನ್ನು ಮುಂದಿಟ್ಟಾಗ ಆ ಚೀಟಿಯನ್ನು ತೆಗೆದು ನೋಡಲಿ. ಮೊದಲು ಮುಖವಾಡವನ್ನು ಆರಿಸಿ, ತಲೆಗೆ ಹಾಕಿ ನೋಡಿ, ಪಕ್ಕಕ್ಕಿಟ್ಟುಕೊಂಡು, ಆಮೇಲೆ ಯಂತ್ರದ ಬೆಲೆಯನ್ನು ಕೇಳಲಿ.